ಮೊಣಕೈಗೆ ತಾಗಿದ ಬೆರಳು

ತಲೆಸುತ್ತಿನ ಮೇಲೆ ಸಂಶೋಧನೆ ಮಾಡುವವಳೇ ತಲೆ ಸುತ್ತಿದವನನ್ನು ಕುಡುಕ ಅಂದುಕೊಂಡರೆ ಏನು ಹೇಳೋಣ? ಅವಳು ಅಂದುಕೊಂಡದ್ದು ಹಾಗೆಯೇ. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಭುಜ ಉಜ್ಜಿಕೊಂಡು, ಕಾಲು ಅಗಲಿಸಿಕೊಂಡು ಬಂದವನು ಅವಳ ಕೈಯಲ್ಲಿದ್ದ ಕಾಫಿಯನ್ನು ಅವಳ ಬಿಳಿ ಕೋಟಿನ ಮೇಲೆಯೇ ಚೆಲ್ಲಿದ.

"ಬೆಳಗ್ಗೆ ಬೆಳಗ್ಗೇನೇ ಏರಿಸ್ಕೊಂಡು ಬಂದಿದೀರಾ?" ಎಂದಳು ಮೂಗು ಮುರಿದು.

ಹಿಂದಿನಿಂದ ಓಡಿಬಂದ ಅವನ ಅಕ್ಕ ಕೆಂಡವಾದಳು. "ಕುಡಿದಿಲ್ಲಮ್ಮ ಅವನು. ಕಿವಿ ಕೆಟ್ಟಿದೆ. ಇಲ್ಲಿ ತಲೆಸುತ್ತಿನ ಡಾಕ್ಟರ್ ಇದಾರಂತೆ, ಅವರನ್ನ ಹುಡುಕ್ತಾ ಇದೀವಿ."

"ಅವರ ಹತ್ರ ಟೆಸ್ಟ್ ಮಾಡೋಳು ನಾನೇ," ಎಂದು ಒಪ್ಪಿಕೊಳ್ಳುವಷ್ಟರಲ್ಲಿ ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು.

ಅವನು ಗೋಡೆಗೆ ಆತುಕೊಂಡು ನಕ್ಕ. "ಹಾಗಾದ್ರೆ ಕಾಫಿ ಸರಿಯಾದ ವಿಳಾಸಕ್ಕೇ ತಲುಪಿದೆ."

ಅವನು ನಾಟಕ ಮಂದಿರದ ದೀಪದವನು. ರಂಗದ ಮೇಲಿನ ಕತ್ತಲಲ್ಲಿ ಏಣಿ ಹತ್ತಿ, ಕಬ್ಬಿಣದ ಕಂಬಿಗಳ ನಡುವೆ ನುಸುಳಿ, ದೀಪಗಳ ಮುಖ ತಿರುಗಿಸುವುದು ಅವನ ಕೆಲಸ. ಯಾವುದೋ ಸೋಂಕಿಗೆ ಕೊಟ್ಟ ಇಂಜೆಕ್ಷನ್ ಜೀವ ಉಳಿಸಿತು, ಆದರೆ ಎರಡೂ ಒಳಕಿವಿಗಳ ಸಮತೋಲವನ್ನು ತೆಗೆದುಕೊಂಡು ಹೋಯಿತು. ಕಣ್ಣು ತೆರೆದಿದ್ದರೆ ಹೇಗೋ ನಡೆಯುತ್ತಿದ್ದ. ಕತ್ತಲಾದರೆ ಯಾವುದು ಮೇಲೆ, ಯಾವುದು ಕೆಳಗೆ ಎಂಬುದೇ ಮೈಗೆ ಗೊತ್ತಾಗುತ್ತಿರಲಿಲ್ಲ. ಅಂಥವನಿಗೆ ಏಣಿ ಯಾರು ಕೊಡುತ್ತಾರೆ?

ತಲೆಸುತ್ತಿನ ದೊಡ್ಡ ಡಾಕ್ಟರು ಸಮತೋಲಕ್ಕೆಂದು ಹೊಸ ವ್ಯಾಯಾಮಗಳನ್ನು ಪರೀಕ್ಷಿಸುತ್ತಿದ್ದರು, ಅವನನ್ನೂ ಸೇರಿಸಿಕೊಂಡರು. ವಾರವಾರವೂ ಅವಳ ಕೋಣೆಗೆ ಬರಬೇಕು. ಮೊದಲು ಕಣ್ಣಿಗೆ ಕ್ಯಾಮೆರಾ ಇರುವ ಕನ್ನಡಕ ಕಟ್ಟಿ, ಕತ್ತಲಲ್ಲಿ ಕುರ್ಚಿಯಲ್ಲಿ ಕೂರಿಸಿ ತಿರುಗಿಸುವುದು.

"ತಿರುಗಣೆ ಮೇಡಂ, ನಿಮ್ಮ ಕುರ್ಚಿಗಿಂತ ನೀವೇ ಹೆಚ್ಚು ತಲೆ ತಿರುಗಿಸ್ತೀರ."

"ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ದೀಪದ ಸಾಹೇಬ್ರೆ. ಮಾತಾಡಿದ್ರೆ ಕ್ಯಾಮೆರಾ ಅಲ್ಲಾಡುತ್ತೆ."

"ನಗ್ತಾ ಇದೀರಿ. ದನಿಯಲ್ಲೇ ಗೊತ್ತಾಗುತ್ತೆ."

ಪರದೆಯ ತುಂಬ ಅವನ ಕಣ್ಣು. ಕುರ್ಚಿ ನಿಂತ ಮೇಲೆ, ಏನೂ ಕಾಣದಿದ್ದರೂ, ಅದು ಅವಳ ದನಿ ಬಂದ ಕಡೆಗೇ ಹೊರಳುತ್ತಿತ್ತು. ಇಷ್ಟು ದೊಡ್ಡದಾಗಿ ಅವಳನ್ನು ಯಾರೂ ನೋಡಿದ್ದಿಲ್ಲ. ನೋಡುತ್ತಿರುವುದು ಅವನಿಗೆ ಗೊತ್ತಿರಲಿಲ್ಲ, ಪಾಪ. ಅವಳಿಗೆ ಮಾತ್ರ ಕೆನ್ನೆ ಬಿಸಿಯಾಗುತ್ತಿತ್ತು.

ಆಮೇಲೆ ನಿಲ್ಲುವ ಪರೀಕ್ಷೆ. ಮೆತ್ತನೆಯ ದಿಂಬಿನ ಮೇಲೆ ಬರಿಗಾಲಲ್ಲಿ, ಕಣ್ಣು ಮುಚ್ಚಿ ನಿಲ್ಲಬೇಕು. ಬಿದ್ದರೆ ಹಿಡಿಯಲು ಸೊಂಟಕ್ಕೆ ಚಾವಣಿಯಿಂದ ಇಳಿಬಿಟ್ಟ ಬೆಲ್ಟು. ಮೈ ಎಷ್ಟು ತೂಗಾಡಿತು ಎಂಬುದನ್ನು ಪರದೆಯ ಗೆರೆ ತೋರಿಸುತ್ತದೆ. ಪರೀಕ್ಷೆ ಮಾಡುವವರು ಪಕ್ಕದಲ್ಲೇ ನಿಲ್ಲಬೇಕು, ಆದರೆ ಮುಟ್ಟಕೂಡದು. ಒಂದು ಬೆರಳು ಹಗುರವಾಗಿ ತಾಗಿದರೂ ಸಾಕು, ತಾನು ಯಾವ ಕಡೆ ವಾಲುತ್ತಿದ್ದೇನೆಂದು ಚರ್ಮವೇ ಮೈಗೆ ಹೇಳಿಬಿಡುತ್ತದೆ; ಕಿವಿ ಮಾಡಬೇಕಾದ ಕೆಲಸ ಬೆರಳು ಮಾಡುತ್ತದೆ. ಹೊಸಬರಿಗೆ ಇದನ್ನು ಕಲಿಸುತ್ತಿದ್ದವಳೂ ಅವಳೇ.

ಕಲಿಸುವುದು ಸುಲಭ. ಒಂದು ದಿನ ಅವನು ಸಪ್ಪೆ ಮುಖ ಹೊತ್ತು ಬಂದ. ಆಸ್ಪತ್ರೆಯ ಸರ್ಟಿಫಿಕೇಟ್ ತರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದಿದ್ದನಂತೆ ಮಂದಿರದ ಮ್ಯಾನೇಜರ್. ದಿಂಬು ಹತ್ತಿ ಕಣ್ಣು ಮುಚ್ಚಿದವನ ತುಟಿ ನಡುಗುತ್ತಿತ್ತು. ಅವಳಿಗೆ ತಡೆಯಲಾಗಲಿಲ್ಲ. ಧೈರ್ಯಕ್ಕೆ ಇರಲಿ ಎಂದು ಅವನ ಮೊಣಕೈಗೆ ಒಂದು ಬೆರಳು ಸೋಕಿಸಿದಳು.

ಪರದೆಯ ಗೆರೆ ತೂಗಾಡುವುದು ನಿಂತು ತಣ್ಣಗಾಯಿತು. ಅವನ ಮುಖದಲ್ಲಿ ಮೆಲ್ಲಗೆ ನಗು ಮೂಡಿತು. ಆ ಗೆರೆಯನ್ನು ಅಳಿಸಿಹಾಕಬೇಕಿತ್ತು, ಅಳಿಸಲಿಲ್ಲ. ಇವತ್ತೊಂದು ದಿನ ತಾನೆ ಎಂದುಕೊಂಡಳು. ಮುಂದಿನ ವಾರ ಅವನು ಕಣ್ಣು ಮುಚ್ಚಿ ಬೆರಳಿಗಾಗಿಯೇ ಕಾದ. ಅವಳು ಕೊಟ್ಟಳು. ವ್ಯಾಯಾಮ ಮಾಡ್ತಿದ್ದಾನಲ್ಲ, ಹೇಗೂ ಸುಧಾರಿಸ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಪ್ರೀತಿ ಬಂದಾಗ ಬುದ್ಧಿ ಎಲ್ಲಿ ಮೇಯಲು ಹೋಗಿರುತ್ತದೋ.

ಗೆರೆಗಳನ್ನು ನೋಡಿ ದೊಡ್ಡ ಡಾಕ್ಟರು ಹಿರಿಹಿರಿ ಹಿಗ್ಗಿದರು. ಸರ್ಟಿಫಿಕೇಟಿಗೆ ಸಹಿ ಬಿತ್ತು. ಅವಳು ರಜೆಯಲ್ಲಿದ್ದ ದಿನವೇ ಬಿತ್ತು.

ಮರುದಿನ ಮಧ್ಯಾಹ್ನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಬ್ಬನೇ ಬಂದ.

"ಸೋಮವಾರದಿಂದ ಏಣಿ ಹತ್ತೋಕೆ ಹೇಳಿದಾರೆ," ಎಂದ. ಅವಳ ಮುಖ ನೋಡದೆ ಕುರ್ಚಿಯ ಕೈ ಸವರುತ್ತ, "ಕೆಲಸ ಇಲ್ದೋನು ಕೇಳಬಾರದು ಅಂತ ಇಷ್ಟು ದಿನ ಸುಮ್ನಿದ್ದೆ. ಈಗ ಕೇಳ್ತೀನಿ. ನನ್ನ ಮದ್ವೆ ಆಗ್ತೀರಾ?"

ಇದೇ ಮಾತಿಗಾಗಿ ಅವಳು ಎಷ್ಟು ಹಂಬಲಿಸಿದ್ದಳೋ. ಈಗ ಅದು ಕಿವಿಗೆ ಬಿದ್ದಾಗ ಕಂಡದ್ದು ಕತ್ತಲು, ಏಣಿ, ಕೆಳಗೆ ರಂಗದ ಮರದ ಹಾಸು.

"ಏಣಿ ಹತ್ತಬೇಡಿ," ಎಂದಳು. "ನಿಮಗೆ ವಾಸಿ ಆಗಿಲ್ಲ."

"ನಮ್ಮಕ್ಕನ ಥರಾನೇ ಹೆದರ್ಕೋತೀರಲ್ಲ."

"ಹೆದರಿಕೆ ಅಲ್ಲ. ನೀವು ನಿಂತಿದ್ದು ನನ್ನ ಬೆರಳಿಂದ. ನಾನು ಮುಟ್ಟಬಾರದಿತ್ತು."

ಅವನು ನಂಬಲಿಲ್ಲ. ತಾನೇ ಬೆಲ್ಟು ಬಿಗಿದುಕೊಂಡು ದಿಂಬಿನ ಮೇಲೆ ನಿಂತ. "ಮುಟ್ಟಬೇಡಿ, ನೋಡೇ ಬಿಡೋಣ," ಎಂದು ಕಣ್ಣು ಮುಚ್ಚಿದ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಅವನ ಮೊಣಕೈ ತಾನಾಗಿಯೇ ಅವಳ ಕಡೆಗೆ ಸರಿಯಿತು. ಅಲ್ಲಿ ಏನೂ ಇರಲಿಲ್ಲ. ಮೈ ಒಮ್ಮೆ ತೂಗಿತು, ಕಾಲು ಜಾರಿತು, ಬೆಲ್ಟು ಎಳೆದುಕೊಂಡಿತು. ಇಸ್ತ್ರಿಯ ಅಂಗಿ ಸೊಂಟದಿಂದ ಕಿತ್ತುಬಂದು, ಅವನು ಗಾಳಿಯಲ್ಲಿ ತೂಗಾಡಿದ.

ಅವಳು ಹಿಡಿದು ಇಳಿಸಿದಳು. ಇಬ್ಬರೂ ನೆಲದ ಮೇಲೆ ಕೂತರು.

"ಯಾರಿಗೂ ಹೇಳ್ಬೇಡಿ," ಎಂದ ಅವನು. "ಹುಷಾರಾಗಿರ್ತೀನಿ. ಟಾರ್ಚ್ ಕಟ್ಕೋತೀನಿ. ಮದ್ವೆ ಆಗಿ ಚೆನ್ನಾಗಿರೋಣ."

"ಒಂದ್ಸಲ ಟಾರ್ಚ್ ಆರಿದ್ರೆ?"

"ಆ ಕೆಲಸ ಬಿಟ್ರೆ ನಂಗೆ ಬೇರೇನೂ ಬರಲ್ಲ."

"ಗೊತ್ತು. ಡಾಕ್ಟರಿಗೆ ಹೇಳ್ತೀನಿ. ಇವತ್ತೇ."

ಅವನು ಅವಳ ಕಡೆ ತಿರುಗಿದ. ಪರದೆಯಿಲ್ಲದೆ, ಇಷ್ಟು ಹತ್ತಿರದಿಂದ ಆ ಕಣ್ಣನ್ನು ಅವಳು ನೋಡಿದ್ದು ಅದೇ ಮೊದಲು. "ಆ ಬೆರಳು ಪ್ರೀತಿ ಅಂದ್ಕೊಂಡಿದ್ದೆ."

"ಪ್ರೀತಿನೇ."

"ಪ್ರೀತಿ ಆಗಿದ್ರೆ ಅವತ್ತೇ ಬೀಳೋಕೆ ಬಿಡ್ತಿದ್ರಿ. ಇಷ್ಟು ಆಸೆ ಹುಟ್ಟಿಸ್ತಿರಲಿಲ್ಲ."

ಅವಳು ಎದ್ದು ನಿಂತಳು. ಕೈ ಕೊಡಲು ಹೋದಳು. ಅವನು ಗೋಡೆ ಹಿಡಿದು ಎದ್ದು, ಗೋಡೆ ಹಿಡಿದೇ ಹೊರಟುಹೋದ.

ಸರ್ಟಿಫಿಕೇಟ್ ರದ್ದಾಯಿತು. ಮಂದಿರದ ಏಣಿ ಬೇರೊಬ್ಬನ ಪಾಲಾಯಿತು. ಅವನ ಗೆರೆಗಳನ್ನೆಲ್ಲ ಸಂಶೋಧನೆಯಿಂದ ಕಿತ್ತುಹಾಕಿದ ದೊಡ್ಡ ಡಾಕ್ಟರು, "ನಿನ್ನಿಂದ ಇದನ್ನ ನಿರೀಕ್ಷಿಸಿರ್ಲಿಲ್ಲಮ್ಮ," ಎಂದಷ್ಟೇ ಹೇಳಿ, ಅವಳನ್ನು ಪಕ್ಕದ ಕೋಣೆಯಲ್ಲಿ ಹಳೆಯ ಅಂಕಿಅಂಶ ನೋಡಲು ಕೂರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಅವನು ಬರುವುದನ್ನು ಬಿಟ್ಟಿರಬಹುದು ಎಂದುಕೊಂಡಿದ್ದಳು. ಬಿಡಲಿಲ್ಲ. ಒಂದು ಬೆಳಗ್ಗೆ ತೆಳು ಗೋಡೆಯಾಚೆಯಿಂದ ಅವನ ದನಿ ಕೇಳಿತು. ತಮಾಷೆಯಿಲ್ಲದ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ದನಿ. ಹೊಸ ಪರೀಕ್ಷಕ ಕಣ್ಣು ಮುಚ್ಚಲು ಹೇಳಿದ. ಆಮೇಲೆ ಬೆಲ್ಟು ಎಳೆದುಕೊಂಡ ಸದ್ದು.

ಅವಳು ಅರ್ಧ ಎದ್ದವಳು ಮೇಜಿನ ಅಂಚು ಹಿಡಿದು ನಿಂತಳು.

"ಕೈ ಕೊಡ್ಲಾ ಸರ್?" ಎಂದ ಹೊಸಬ.

"ಬೇಡ," ಎಂದ ಅವನು. "ಯಾರೂ ಮುಟ್ಟಬೇಡಿ. ನಾನೇ ಏಳ್ತೀನಿ."

ಅವಳು ಮತ್ತೆ ಕೂತಳು.