ಮುಗ್ಗರಿಸದ ಮಧ್ಯಾಹ್ನ

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ನಲವತ್ತು ದಾಟಿದ ಮೇಲೆ ಗಿಟಾರ್ ಹಿಡಿದೆ. ಎರಡು ವರ್ಷವಾದರೂ ಒಂದೇ ಹಾಡು, ಅದರ ಮೂರನೇ ಸಾಲಿನಲ್ಲಿ ದಿನವೂ ಅದೇ ಮುಗ್ಗರಿಕೆ.

"ನಿನ್ ಹಾಡು ಗೋಡೆಗೂ ಬಾಯಿಪಾಠ ಆಗಿದೆ ಕಣೋ," ಎಂದು ಮನೆಯಲ್ಲಿ ಅತ್ತಿಗೆ ನಗುತ್ತಿದ್ದರು.

ಬೇಸತ್ತು, ಬಿಟ್ಟುಬಿಡುತ್ತೇನೆಂದು ಗಿಟಾರ್ ಮೇಷ್ಟ್ರಿಗೆ ಹೇಳಿದೆ. "ಬಿಡೋಕ್ ಮುಂಚೆ ಒಂದ್ಸಲ ಬೇರೆ ಜಾಗದಲ್ಲಿ ಕೂತು, ಕಣ್ ಮುಚ್ಚಿ ನುಡಿಸಿ. ಬೆರಳು ಎಲ್ಲಿಗ್ ಹೋಗುತ್ತೋ ಹೋಗ್ಲಿ," ಎಂದರು.

ರಜೆಯ ಮಧ್ಯಾಹ್ನ ಅಂಗಡಿಯ ಕಣ್ಣು ಪರೀಕ್ಷಿಸುವ ಕೋಣೆಯಲ್ಲಿ ಗಿಟಾರ್ ಹಿಡಿದು ಕೂತೆ. ಬಿಸಿ ಕಾಫಿಯ ಲೋಟ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಕೋಣೆ ಬಾವಿಯೊಳಗಿನಂತೆ ತಣ್ಣಗಾಯಿತು. ಗಿಟಾರ್ ಮಾತ್ರ ಎದೆಗೊರಗಿ ಮಲಗಿದ ಮಗುವಿನ ಹಾಗೆ ಬೆಚ್ಚಗಿತ್ತು. ನಾನು ತಂತಿ ಮೀಟುವ ಮೊದಲೇ ಸ್ವರ ಕೇಳಿಸುತ್ತಿತ್ತು. ಮೂರನೇ ಸಾಲು ಬಂತು, ಎಡವದೆ ದಾಟಿತು. ಹಾಡು ಮುಗಿದರೂ ಕೈ ನಿಲ್ಲಲಿಲ್ಲ; ನಾನೆಂದೂ ಕೇಳದ ರಾಗವೊಂದಕ್ಕೆ ತೇಲಿಹೋಯಿತು. ಹೆದರಿಕೆಯೇ ಆಗಲಿಲ್ಲ. ನಿದ್ದೆಗೆ ಜಾರುವಾಗಿನ ಸುಖ.

ಹತ್ತು ನಿಮಿಷವಾಗಿರಬೇಕು ಎಂದುಕೊಂಡು ಕಣ್ಣು ಬಿಟ್ಟರೆ ಲೋಟದ ಕಾಫಿ ತಣ್ಣಗಾಗಿ ಮೇಲೆ ಕೆನೆಗಟ್ಟಿತ್ತು. ಹೊರಗೆ ಕತ್ತಲಾಗುತ್ತಿತ್ತು. ನನ್ನನ್ನು ಹುಡುಕಿಕೊಂಡು ಬಂದ ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು.

"ಎಷ್ಟ್ ಚೆನ್ನಾಗಿತ್ತೋ! ಇದನ್ನೆಲ್ಲಾ ಯಾವಾಗ್ ಕಲಿತೆ?"

ಗಿಟಾರ್ ಕೆಳಗಿಟ್ಟೆ. ಬೆರಳುಗಳು ಉರಿಯುತ್ತಿದ್ದವು. ದೀಪದ ಕೆಳಗೆ ಹಿಡಿದು ನೋಡಿಕೊಂಡೆ. ನಾನು ತಂತಿ ಒತ್ತುವುದು ಎಡಗೈಯಲ್ಲಿ, ಮೀಟುವುದು ಬಲಗೈಯಲ್ಲಿ. ಎಡಗೈ ಬೆರಳುಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ತಂತಿ ಒತ್ತಿದ ಕೆಂಪು ಗೆರೆಗಳು ಆಳವಾಗಿ ಮೂಡಿದ್ದು ಬಲಗೈಯ ನಾಲ್ಕೂ ಬೆರಳ ತುದಿಗಳಲ್ಲಿ.