ಕುಂಕುಮ ಹತ್ತಿದ ಸ್ಕ್ರೂಡ್ರೈವರ್

"ಹೊಸಾದ ತೊಗೊಳ್ರಿ ಮೇಡಂ. ಇದರ ಕಥಿ ಮುಗೀತು."

ಸುಭಾಸ ಈ ಮಾತು ಹೇಳಿದಾಗ ಕಂಪ್ಯೂಟರಿನ ಡಬ್ಬಿಯನ್ನು ಇನ್ನೂ ಬಿಚ್ಚಿಯೇ ಇರಲಿಲ್ಲ. ಮಧುಮತಿ ಚಹಾದ ಕಪ್ಪನ್ನು ಅವನ ಮುಂದಿಡದೆ ಕೈಯಲ್ಲೇ ಹಿಡಿದು ನಿಂತಳು.

"ಬಿಚ್ಚಿ ನೋಡಲಾರದ ಹೆಂಗ ಹೇಳ್ತೀರಿ?"

"ವಯಸ್ಸಾಗೇತಿ ಅದಕ್ಕ. ಹೊಸ ವಿಂಡೋಸ್ ಹಾಕಾಕ ಬರೂದಿಲ್ಲ. ಹೊಸಾದಕ್ಕ ವಾರಂಟಿ ಇರ್ತೈತಿ, ಕಂಪನಿಯವರೇ ಮನಿಗೆ ಬಂದು ರಿಪೇರಿ ಮಾಡ್ತಾರ. ನನ್ನ ಕರಿಯೂ ಪ್ರಸಂಗನ ಬರೂದಿಲ್ಲ."

ಕೊನೆಯ ಮಾತನ್ನು ಅವನು ಅವಳಿಗಲ್ಲ, ಕೀಬೋರ್ಡಿಗೆ ಹೇಳಿದ.

ಎರಡು ವರ್ಷಗಳಿಂದ ಇದೇ ಸುಭಾಸ ಹಳಿಯಾಳದ ತನ್ನ ಅಂಗಡಿಯಿಂದ ದಾಂಡೇಲಿಯ ಬಂಗೂರನಗರಕ್ಕೆ ಬಂದು ಈ ಯಂತ್ರವನ್ನು ಉಳಿಸಿಕೊಂಡು ಬಂದಿದ್ದ. ರ್‍ಯಾಮ್ ಬದಲಿಸಿದ್ದ, ಮೌಸು ಬದಲಿಸಿದ್ದ. ಪ್ರತಿ ಸಲವೂ "ಇನ್ನೂ ಗಟ್ಟಿ ಐತ್ರಿ, ಎಲ್ಲೂ ಹೋಗೂದಿಲ್ಲ" ಎನ್ನುತ್ತಿದ್ದ. ಹಾಗೆನ್ನುವಾಗ ಒಂದು ಕ್ಷಣ ಕಣ್ಣೆತ್ತಿ, ಅವಳ ಕಣ್ಣಿಗೆ ಸಿಕ್ಕಿಬಿದ್ದು, ಬೀಳದ ಸ್ಕ್ರೂವನ್ನು ನೆಲದ ಮೇಲೆ ಹುಡುಕಲು ಶುರುಮಾಡುತ್ತಿದ್ದ. ಆ ಹುಡುಕಾಟ ನೋಡಲೆಂದೇ ಮಧುಮತಿ ಚಹಾಕ್ಕೆ ಏಲಕ್ಕಿ ಹಾಕುತ್ತಿದ್ದಳು.

ಅಂದು ಖಂಡೇಪೂಜೆ, ದಸರೆಯ ಆಯುಧಪೂಜೆ. ಬೆಳಿಗ್ಗೆ ತಾಯಿ ಮಾಲವ್ವ ಹೊಲಿಗೆ ಮಷೀನು, ಕುಡಗೋಲುಗಳ ಸಾಲಿಗೆ ಕಂಪ್ಯೂಟರನ್ನೂ ಸೇರಿಸಿ ಪೂಜೆ ಮಾಡಿದ್ದಳು. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಹಂಚುವತನಕ ಯಾರೂ ಮುಟ್ಟುವಂತಿಲ್ಲ. ಆದರೆ ಹಬ್ಬ ಮುಗಿದ ಬೆಳಿಗ್ಗೆಯೇ ಕಾರವಾರದ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆಯಿತ್ತು. ಕೈಗವಸಿಲ್ಲದೆ ರದ್ದಿ ಕಾಗದ ವಿಂಗಡಿಸಿ ಬೆರಳು ಕೊಯ್ದುಕೊಂಡ ಗುತ್ತಿಗೆ ಹೆಂಗಸರ ಹೇಳಿಕೆಗಳನ್ನು ಟೈಪ್ ಮಾಡುವವಳು ಮಧುಮತಿ. ಗುತ್ತಿಗೆದಾರನ ದಬ್ಬಾಳಿಕೆ ಹಬ್ಬಕ್ಕೆಂದು ರಜೆ ಹಾಕಿದ್ದನ್ನು ಅವಳು ಕಂಡಿರಲಿಲ್ಲ. ತಾಯಿಯ ಮಾತು ಮೀರಿ ಸ್ವಿಚ್ ಒತ್ತಿದಳು. ಯಂತ್ರ ಹೊತ್ತಿತು, ಬಿಸಿಯಾಯಿತು, ಆರಿತು. ಮತ್ತೆ ಹೊತ್ತಿತು, ಮತ್ತೆ ಆರಿತು.

"ಪೂಜಿಗಿಟ್ಟಿದ್ದ ಮುಟ್ಟಿದಿ. ದೇವಿ ಸುಮ್ನಿರ್ತಾಳೇನು?" ಎಂದಿದ್ದಳು ಮಾಲವ್ವ.

ಈಗ ನೋಡಿದರೆ ಇವನೂ ಕೈ ಚೆಲ್ಲುತ್ತಿದ್ದಾನೆ. ಮಧುಮತಿಗೆ ರೇಗಿತು. ಏನೋ ಅನ್ನಬೇಕೆಂದು ಬಾಯಿ ತೆರೆದವಳ ಕಣ್ಣು ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರಿನ ಮೇಲೆ ನಿಂತಿತು. ಅದರ ಹಿಡಿಗೆ ಹಸಿ ಕುಂಕುಮವಿತ್ತು. ಚೆಂಡುಹೂವಿನ ಒಂದು ಎಸಳೂ ಅಂಟಿಕೊಂಡಿತ್ತು.

"ಇದು ಪೂಜಿಗಿಟ್ಟಿದ್ದಲ್ಲ?"

ಸುಭಾಸ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡ. "ಬ್ಯಾರೆ ಇರಲಿಲ್ಲ."

"ನಿಮ್ಮ ಅವ್ವ ಬೈಲಿಲ್ಲ?"

"ಬೈದ್ಲು. ಇನ್ನೂ ಬೈಯಾಕತ್ತಿರಬೇಕು."

ದೇವರ ಮುಂದಿನ ಆಯುಧ ಎತ್ತಿಕೊಂಡು ಹಬ್ಬದ ದಿನ ಓಡಿ ಬಂದವನು, ಇದನ್ನು ಎಸೆಯಿರಿ ಎಂದು ಹೇಳಲಿಕ್ಕೆ ಬಂದನೇ? ಮಧುಮತಿ ಚಹಾದ ಕಪ್ಪನ್ನು ಠಕ್ಕೆಂದು ಅವನ ಮುಂದಿಟ್ಟಳು.

"ಬಿಚ್ಚರಿ. ಬಿಚ್ಚಿ ನೋಡಿ ಆಮ್ಯಾಲೆ ಹೇಳ್ರಿ."

ಬಿಚ್ಚಿದ. ಒಳಗೆಲ್ಲ ಹಳದಿ. ಫ್ಯಾನಿನ ಎಲೆಗಳ ನಡುವೆ ಅರಿಶಿನಪುಡಿ ಗಾರೆಯಂತೆ ಮೆತ್ತಿಕೊಂಡಿತ್ತು.

ಅಡುಗೆಮನೆಯ ಬಾಗಿಲಿನಿಂದ ಮಾಲವ್ವ ಹೆಮ್ಮೆಯಿಂದಲೇ ಹೇಳಿದಳು: "ಎಲ್ಲವ್ವನ ಭಂಡಾರ ಅದು. ಈ ವರ್ಷ ಆ ಕಿಂಡ್ಯಾಗೂ ಒಂದ ಮುಷ್ಟಿ ಹಾಕೇನಿ. ಒಳಗ ತಿರಗೂ ಗಾಲಿಗೂ ಮುಟ್ಟಬೇಕಲ್ಲ ತಮ್ಮಾ?"

"ಮುಟ್ಟೇತ್ರಿ ಅವ್ವಾರ. ಭಾಳ ಛಲೋ ಮುಟ್ಟೇತಿ."

ಮಧುಮತಿ ನಕ್ಕಳು. ಸುಭಾಸ ಬಾಗಿ ಬ್ರಷ್ಷಿನಿಂದ ಉಜ್ಜಿ ಜೋರಾಗಿ ಊದಿದ. ಭಂಡಾರವೆಲ್ಲ ಎದ್ದು ಅವನ ಮುಖಕ್ಕೇ ಬಡಿಯಿತು. ಹಣೆ, ಕೆನ್ನೆ, ಮೀಸೆ ಎಲ್ಲ ಹಳದಿ. ಅರಿಶಿನ ಹಚ್ಚಿ ಕೂರಿಸಿದ ಮದುಮಗನ ಹಾಗೆ ಅವನು ಕಣ್ಣು ಪಿಳಿಪಿಳಿ ಬಿಡುತ್ತ ಕುಳಿತ. ಮಧುಮತಿ ಸೆರಗಿನ ತುದಿ ಎತ್ತಿದಳು. ಒರೆಸಲು ಚಾಚಿದ ಕೈ ನಡುವೆಯೇ ನಿಂತಿತು. ಮಾಲವ್ವನಿಗೂ ಅದು ಕಂಡಿತು. ಅವಳು ಒಳಗೆ ಹೋದಳು.

ಯಂತ್ರ ಹೊತ್ತಿತು. ಈ ಸಲ ಆರಲಿಲ್ಲ.

"ಇದಕ್ಕೊಂದ ಎಸ್‌ಎಸ್‌ಡಿ ಹಾಕಿದ್ರ ನಿಮ್ಮ ಕೆಲಸಕ್ಕ ಇನ್ನೂ ನಾಕ ವರ್ಷ..." ಎಂದವನು ನಾಲಿಗೆ ಕಚ್ಚಿಕೊಂಡ.

"ಹಂಗಾರ ಕಥಿ ಮುಗೀತು ಅಂತ ಯಾಕ ಸುಳ್ಳ ಹೇಳಿದ್ರಿ?"

ಅವನು ಡಬ್ಬಿಯ ಮುಚ್ಚಳ ಕೂಡಿಸಿ ಒಂದು ಸ್ಕ್ರೂ ಎತ್ತಿಕೊಂಡ. "ಬೆಳಗಾವಿಯವರು ನಿಮ್ಮನ್ನ ನೋಡಾಕ ಬಂದಿದ್ರಂತ. ಹುಡುಗ ಹೊಸ ಲ್ಯಾಪ್‌ಟಾಪ್ ಕೊಡಸ್ತೇನಿ ಅಂದಾನಂತ. ಅಂಥಾದ್ರಾಗ ನಾ ಈ ಹಳೇದಕ್ಕ ತೇಪಿ ಹಚ್ಚಕೋತ ಯಾಕ ಬರ್ಲಿ? ಬಂದಷ್ಟೂ ನನಗ ಹೋಗೂದು ಕಷ್ಟ ಆಗತೈತಿ."

"ಕೊಡಸ್ತೇನಿ ಅಂದಿದ್ದು ಖರೆ. ಜೋಡಿಗೆ ಇನ್ನೊಂದ ಮಾತೂ ಅಂದ. ಮದಿವ್ಯಾದ ಮ್ಯಾಲೆ ಈ ಹೆಂಗಸರ ಉಸಾಬರಿ ಬಿಡಬೇಕಂತ. ಅವನ ಲ್ಯಾಪ್‌ಟಾಪ್ ಅವನ ತೊಡಿ ಮ್ಯಾಲೆ ಇಟಗೋ ಅಂತ ಹೇಳಿ ಕಳಿಸೇನಿ. ಅದು ನಿಮ್ಮ ಕಿವಿಗೆ ಬೀಳಲಿಲ್ಲೇನು?"

ಈ ಸಲ ಸ್ಕ್ರೂ ನಿಜವಾಗಿಯೇ ಉರುಳಿ ಬಿತ್ತು. ಸುಭಾಸ ಅದನ್ನು ಹುಡುಕಲಿಲ್ಲ. ಕಣ್ಣೆತ್ತಿದವನು ಹಾಗೆಯೇ ನೋಡುತ್ತಿದ್ದ.

ಅವನು ಹೋದ ಮೇಲೆ ಮಾಲವ್ವ ಮಗಳ ಬೆನ್ನ ಹಿಂದೆ ಬಂದು ನಿಂತಳು. "ಹುಡುಗ ಛಲೋ ಅದಾನವ್ವ. ಆದ್ರ ಅವರ ಜಾತಿ ಬ್ಯಾರೆ."

ಮಧುಮತಿ ಟೈಪ್ ಮಾಡುವುದನ್ನು ನಿಲ್ಲಿಸಲಿಲ್ಲ. "ಯವ್ವಾ, ಮುಂಜಾನೆ ಸಾಲ ಹಚ್ಚಿ ಇಟ್ಟೆಲ್ಲ, ಯಾವ ಆಯುಧಕ್ಕ ಜಾತಿ ಕೇಳಿದಿ? ಎಲ್ಲಕ್ಕೂ ಒಂದ ಭಂಡಾರ ಹಾಕಿದಿ. ದುಡಿಯೂ ಕಬ್ಬಿಣಕ್ಕ ಇರಲಾರದ ಜಾತಿ ದುಡಿಯೂ ಕೈಗೆ ಯಾಕ?"

ಮರುದಿನ ಸಂಜೆ ಮಗಳು ಹಳಿಯಾಳದ ಬಸ್ಸಿಗೆ ಹೊರಟಾಗ, ಮಾಲವ್ವ ಬನ್ನಿ ಎಲೆಗಳ ಒಂದು ಗೊಂಚಲನ್ನು ಅವಳ ಕೈಗೆ ತುರುಕಿದಳು. "ಅವರ ಅವ್ವಗ ನನ್ನ ಕಡಿಂದ ಕೊಡು," ಎಂದು, ಮುಖ ತಿರುಗಿಸಿ, ಒಳಗೆ ಹೋದಳು.

ಹಳಿಯಾಳದಲ್ಲಿ ಬಾಗಿಲು ತೆರೆದವಳು ಸುಭಾಸನ ತಾಯಿ. ಮೇಲಿನಿಂದ ಕೆಳಗೆ ನೋಡಿ ಕೇಳಿದಳು: "ಪೂಜಿ ಮುರಿಸಿದಾಕಿ ನೀನ ಏನು?"

"ಹೌದ್ರಿ, ನಾನ." ಮಧುಮತಿ ಬಾಗಿ ಕಾಲು ಮುಟ್ಟಿ ಬನ್ನಿ ಕೊಟ್ಟಳು. "ನಮ್ಮ ಅವ್ವ ಕಳಿಸ್ಯಾಳ."

ಒಳಗಿನಿಂದ ಸುಭಾಸ ಓಡಿ ಬಂದು ಹೊಸ್ತಿಲಲ್ಲೇ ಕಂಬವಾದ. ಮಧುಮತಿ ಅವನ ಅಂಗೈಯಲ್ಲಿ ಎಲೆಗಳನ್ನಿಟ್ಟಳು. ಬೆರಳು ಹಿಂದಕ್ಕೆ ತೆಗೆಯಲಿಲ್ಲ.

"ಬನ್ನಿ ತೊಗೊಂಡು ಬಂಗಾರದಂಗ ಇರೂಣು. ಇದು ಎಲ್ಲಾರೂ ಹೇಳೂ ಹಬ್ಬದ ಮಾತು. ಈಗ ನನ್ನ ಮಾತ ಕೇಳ್ರಿ. ನಾಳೆ ಹೆಂಗಸರ ಜೋಡಿ ಕಾರವಾರಕ್ಕ ಹೊಂಟೇನಿ. ಬಂದ ಮ್ಯಾಲೆ ನೀವು ನಮ್ಮ ಮನಿಗೆ ಬರ್ರಿ. ಟೂಲ್ ಬ್ಯಾಗ್ ಬ್ಯಾಡ, ನಿಮ್ಮ ಅವ್ವನ್ನ ಕರಕೊಂಡ ಬರ್ರಿ."

ಸುಭಾಸನ ಕೆನ್ನೆಯಲ್ಲಿ, ಕಿವಿಯ ಹಿಂದೆ, ನಿನ್ನೆಯ ಭಂಡಾರ ಇನ್ನೂ ಹಾಗೆಯೇ ಇತ್ತು.

ತಾಯಿ ಮಗನನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು.

"ಮಾರಿ ತೊಳಕೋ ಅಂದ್ರ ನಿನ್ನೆಯಿಂದ ಒಲ್ಲೆ ಅನ್ನಾಕತ್ತಾನವ್ವ," ಎಂದಳು. "ಯಾಕಂತ ಈಗ ತಿಳೀತು. ಒಳಗ ಬಾ."