ನಲವತ್ತೊಂದು ಸಲ ಹೇಳದ ಹೆಸರು

“ಈ ಬೂಟ ಎರಡು ತಾಸು ನಿಮ್ಮ ಫ್ರೀಜರ್‌ನ್ಯಾಗ ಇಟ್ಕೊಳ್ತೀರೇನ್ರಿ?”

ಡೊಂಬಿವಲಿ ಸ್ಟೇಷನ್ ಹತ್ತಿರದ ತನ್ನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ದೇಜಪ್ಪನಿಗೆ ಕಿವಿಯ ಮೇಲೇ ಅನುಮಾನ ಬಂತು. ಇಪ್ಪತ್ತು ವರ್ಷದಲ್ಲಿ ಗಿರಾಕಿಗಳು ಅವನನ್ನು ಏನೇನೋ ಕೇಳಿದ್ದರು. ಐಸ್‌ಕ್ರೀಮಿನ ಪಕ್ಕ ಬೂಟು ಇಡಿ ಎಂದವರು ಮಾತ್ರ ಯಾರೂ ಇರಲಿಲ್ಲ.

“ಎಂತ ಮಾರಾಯ್ರೆ, ನಿಮಗೆ ತಲೆ ಸರಿ ಉಂಟಾ?”

ಎದುರಿಗೆ ನಿಂತವನು ಕದಲಲಿಲ್ಲ. ಮೂವತ್ತರ ಒಳಗಿನ ಪ್ರಾಯ, ಇಸ್ತ್ರಿ ಇಲ್ಲದ ಅಂಗಿ, ಬಗಲಲ್ಲಿ ಪ್ಲಾಸ್ಟಿಕ್ ಚೀಲ. ಪ್ರತಿ ಭಾನುವಾರ ಊಟಕ್ಕೆ ಬಂದು ಮೂಲೆಯಲ್ಲಿ ಕೂರುತ್ತಿದ್ದ ವಿಠಲ. ಅವನು ನೋಡುತ್ತಿದ್ದದ್ದು ದೇಜಪ್ಪನನ್ನಲ್ಲ, ಹಿಂದೆ ಪೇಪರ್ ಓದುತ್ತಾ ಕೂತಿದ್ದ ಅವನ ಮಗಳು ರಮಿತಾಳನ್ನು.

ಮಗಳು ಸಾನಪಾಡಾದ ಒಂದು ಸಣ್ಣ ಇಂಗ್ಲಿಷ್ ವಾರಪತ್ರಿಕೆಯಲ್ಲಿ ವರದಿಗಾರ್ತಿ ಎಂದು ದೇಜಪ್ಪ ಊಟಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದ. ಆ ಹೆಮ್ಮೆಯೇ ಇವನನ್ನು ಇಲ್ಲಿಗೆ ಎಳೆದು ತಂದಿತ್ತು!

“ಇಡಿ ಅಪ್ಪಾ,” ಎಂದಳು ರಮಿತಾ. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಆ ಕಣ್ಣುಗಳಲ್ಲಿ ಹುಚ್ಚು ಇರಲಿಲ್ಲ... ಭಯ ಇತ್ತು.

ಎರಡು ಗಂಟೆಯ ನಂತರ ಬೂಟನ್ನು ಹೊರತೆಗೆದ ವಿಠಲ ಅದರ ಅಟ್ಟೆಯನ್ನು ಮೇಜಿನ ಅಂಚಿಗೆ ಇಟ್ಟು ಬಗ್ಗಿಸಿದ. ಹೊಚ್ಚ ಹೊಸ ಅಟ್ಟೆ ಹಪ್ಪಳದ ಹಾಗೆ ಪಟ್ಟನೆ ಎರಡಾಯಿತು.

“ಇದನ್ನು ಯಾರು ಹಾಕಿಕೊಳ್ಳುತ್ತಾರೆ?” ರಮಿತಾ ಮೆಲ್ಲಗೆ ಕೇಳಿದಳು.

“ಹಿಮದಾಗ ನಿಂತು ಕಾಯ್ತಾರಲ್ರಿ... ಅವರು.”

ಅವನು ಕಲ್ಯಾಣದಾಚೆಯ ಒಂದು ಸೇನಾ ಉಗ್ರಾಣದ ಪರೀಕ್ಷಾ ಕೋಣೆಯಲ್ಲಿ ಸಹಾಯಕ. ಬೂಟು ಚಳಿ ತಡೆಯುವುದಿಲ್ಲ ಎಂದು ಅವನು ಬರೆದ ವರದಿ ಮೇಲಿನವರ ಮೇಜಿಗೆ ಹೋಗಿ ಬರುವಾಗ “ತಡೆಯುತ್ತದೆ” ಎಂದಾಗಿತ್ತು. ಆ ಚಳಿಗಾಲ ಒಬ್ಬ ಜವಾನನ ಕಾಲ್ಬೆರಳುಗಳು ಹೋದವು. ಅವನ ಒಡೆದ ಬೂಟು ಅದೇ ಕೋಣೆಗೆ ವಾಪಸ್ ಬಂದಿತ್ತು. ಆವತ್ತಿನಿಂದ ತನಗೆ ಅನ್ನ ಸೇರುತ್ತಿಲ್ಲ ಎಂದು ವಿಠಲ ತಟ್ಟೆಯ ಮುಂದೆ ಕೂತು ಹೇಳಿದಾಗ ರಮಿತಾಳ ಎದೆಯಲ್ಲಿ ಏನೋ ಅಲುಗಾಡಿತು. ಅದು ಸುದ್ದಿ ಸಿಕ್ಕಿದ ಖುಷಿ ಅಂದುಕೊಂಡಳು. ಪಾಪ, ಅಷ್ಟೇ ಅಲ್ಲ ಎಂದು ತಿಳಿಯಲು ಅವಳಿಗೆ ಮೂರು ತಿಂಗಳು ಬೇಕಾಯಿತು.

ಅದು ಎರಡು ಸಾವಿರದ ಆರನೇ ಇಸವಿ. ಫೋನಿನಲ್ಲಿ ಮಾತು ಬೇಡ ಎಂದು ಇಬ್ಬರೂ ಮಂಗಳವಾರ ಟಿಟ್ವಾಳಾದ ಗಣಪತಿ ಗುಡಿಯ ಸಾಲಿನಲ್ಲಿ ಹಿಂದೆ ಮುಂದೆ ನಿಲ್ಲುತ್ತಿದ್ದರು. ಆ ಜನಜಂಗುಳಿಯಲ್ಲಿ ಯಾರು ಯಾರನ್ನು ಗಮನಿಸುತ್ತಾರೆ? ಪ್ರಸಾದದ ಪೊಟ್ಟಣದೊಳಗೆ ಮಡಚಿದ ಕಾಗದ ಅವನ ಕೈಯಿಂದ ಅವಳ ಕೈಗೆ ಬರುತ್ತಿತ್ತು. ಹಳೆ ವರದಿ, ತಿದ್ದಿದ ವರದಿ, ಸಹಿಗಳು.

ಕಾಗದ ಮುಗಿದ ಮೇಲೂ ಮಂಗಳವಾರಗಳು ಮುಗಿಯಲಿಲ್ಲ...

ಅವನ ಅಪ್ಪ ಮಹಾದೇವಪ್ಪ ವಿಜಯಪುರದ ಕಡೆಯಿಂದ ಬಂದು ಕಲ್ಯಾಣದ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಮಗನನ್ನು ಓದಿಸಿದವನು. ಅವ್ವ ಮರಗಮ್ಮ ಮಾಡುವ ಶೇಂಗಾ ಹೋಳಿಗೆಯ ವರ್ಣನೆ ಕೇಳಿ ಕೇಳಿ ರಮಿತಾಳ ಬಾಯಲ್ಲಿ ನೀರೂರುತ್ತಿತ್ತು.

“ನನ್ನ ಹೆಸರು ಹೊರಗ ಬಂದ್ರ ನಮ್ಮ ಮನಿ ಬೀದಿಗೆ ಬರ್ತೈತ್ರಿ,” ಎಂದ ಒಂದು ದಿನ.

“ಬರುವುದಿಲ್ಲ. ನಿಮ್ಮ ಹೆಸರು ನನ್ನ ಬಾಯಿಂದ ಯಾವತ್ತೂ ಬರುವುದಿಲ್ಲ,” ಎಂದಳು ಗುಡಿಯ ಕಡೆ ನೋಡುತ್ತಾ. ಬಾಯಿ ತಪ್ಪಬಾರದೆಂದು ಅವತ್ತಿನಿಂದ ಅವನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಳು.

ವಿಠಲ ನಕ್ಕ. ತನ್ನ ಅವ್ವನೂ ಅಪ್ಪನ ಹೆಸರು ಹೇಳುವುದಿಲ್ಲವಂತೆ. ಮದುವೆ ಮುಂಜಿಯಲ್ಲಿ ಹೆಂಗಸರು ಸುತ್ತುಗಟ್ಟಿ ಬಾಗಿಲು ಅಡ್ಡ ಹಿಡಿದಾಗ ಮಾತ್ರ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳುತ್ತಾಳಂತೆ.

“ಹಾಗಾದರೆ ನಾನೂ ಈಗ...” ಎಂದ ರಮಿತಾ ನಾಲಗೆ ಕಚ್ಚಿಕೊಂಡಳು. ಕಿವಿಯ ತುದಿಯವರೆಗೂ ಕೆಂಪಾಯಿತು. ಅವನು ಸಾಲಿನಲ್ಲಿ ಒಂದು ಹೆಜ್ಜೆ ಹತ್ತಿರ ಬಂದ.

ಸೆಪ್ಟೆಂಬರಿನಲ್ಲಿ ವರದಿ ಅಚ್ಚಾಯಿತು.

ದಿಲ್ಲಿಯವರೆಗೆ ಗದ್ದಲವೆದ್ದಿತು. ಮೂರನೇ ದಿನಕ್ಕೆ ಅಧಿಕೃತ ರಹಸ್ಯಗಳ ಕಾಯ್ದೆಯಲ್ಲಿ ರಮಿತಾಳ ಮೇಲೆ ಕೇಸು ಬಿತ್ತು. ಪತ್ರಿಕೆಯ ಸಂಪಾದಕ ಮುರಾರಿ ಅವಳನ್ನು ಎದುರು ಕೂರಿಸಿ ಹೇಳಿದ್ದು ಒಂದೇ ಮಾತು. ಇನ್ನು ಕೇಸು ಮುಗಿಯುವವರೆಗೆ ಕಾಗದ ಕೊಟ್ಟವರ ಕಡೆ ತಿರುಗಿಯೂ ನೋಡಬೇಡ. ನಿನ್ನ ಹಿಂದೆ ಕಣ್ಣುಗಳಿವೆ, ನೀನು ಯಾರನ್ನು ನೋಡುತ್ತೀಯೋ ಅವರು ಸಿಕ್ಕಿಬೀಳುತ್ತಾರೆ. ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ ಅದು.

ಎಲ್ಲರಿಗೂ ಗೊತ್ತಿತ್ತು, ವಿಠಲನೊಬ್ಬನನ್ನು ಬಿಟ್ಟು. ಅವನಿಗೆ ಅದನ್ನು ಮೊದಲೇ ಹೇಳಿಡಬೇಕೆಂದು ರಮಿತಾಳಿಗೆ ಹೊಳೆದೇ ಇರಲಿಲ್ಲ. ಅಷ್ಟು ಮಂಗಳವಾರಗಳಲ್ಲಿ ಹೋಳಿಗೆಯ ಮಾತಿಗೆ ಸಮಯವಿತ್ತು, ಇದಕ್ಕೆ ಇರಲಿಲ್ಲ!

ಮರುದಿನ ಬೆಳಿಗ್ಗೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಅವನು ನಿಂತಿದ್ದ. ಕೈಯಲ್ಲಿ ಸ್ಟೀಲ್ ಡಬ್ಬಿ. ಅವ್ವನ ಹೋಳಿಗೆ ಎಂದು ನೋಡಿದೊಡನೆ ಗೊತ್ತಾಯಿತು. ರಮಿತಾಳ ಹಿಂದೆ ಹತ್ತು ಹೆಜ್ಜೆಯಲ್ಲಿ, ಮೂರು ದಿನದಿಂದ ಬೆನ್ನು ಬಿಡದ ನೀಲಿ ಅಂಗಿಯವನು ಇದ್ದ.

“ರಮಿತಾ ಅವರ... ಹೆಂಗದೀರಿ?”

ದೇವರೇ, ಬೇಡ... ಈಗ ಬೇಡ...

ಅವಳು ಅವನ ಮುಖವನ್ನು ಅಪರಿಚಿತನನ್ನು ನೋಡುವಂತೆ ನೋಡಿದಳು. ಇಷ್ಟು ದಿನ ಕನ್ನಡದಲ್ಲೇ ಮಾತಾಡಿದ್ದ ಬಾಯಿ ಮರಾಠಿಗೆ ತಿರುಗಿತು.

“ಕೋಣ್ ಆಪಣ್? ಮೀ ತುಮ್ಹಾಲಾ ಓಳಖತ್ ನಾಹಿ.”

ಯಾರು ನೀವು, ನನಗೆ ನಿಮ್ಮ ಗುರುತಿಲ್ಲ. ಅಷ್ಟು ಹೇಳಿ ಲೇಡೀಸ್ ಬೋಗಿ ಹತ್ತಿದಳು. ಗಾಡಿ ಹೊರಡುವಾಗ ತಿರುಗಿ ನೋಡಲಿಲ್ಲ. ಕುತ್ತಿಗೆ ತಾನಾಗಿ ತಿರುಗದಂತೆ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಥಾಣೆ ಸ್ಟೇಷನ್ ಬರುವಷ್ಟರಲ್ಲಿ ದುಪಟ್ಟಾ ಒದ್ದೆಯಾಗಿತ್ತು.

ಅವನಿಗೆ ಅರ್ಥವಾಗುತ್ತದೆ... ಆಗಲೇಬೇಕು ಎಂದು ಅವಳು ಆ ದಿನವೆಲ್ಲ ತನಗೆ ತಾನೇ ಹೇಳಿಕೊಂಡಳು.

ಒಂದು ವಾರದಲ್ಲಿ ಪರೀಕ್ಷಾ ಕೋಣೆಯ ನಾಲ್ವರನ್ನೂ ಅಮಾನತು ಮಾಡಿದರು. ಆರು ತಿಂಗಳಿಗೆ ಮೂವರನ್ನು ವಾಪಸ್ ತೆಗೆದುಕೊಂಡರು. ವಿಠಲ ಮಾತ್ರ ಹೊರಗೇ ಉಳಿದ. ಸುದ್ದಿ ಯಾರದೋ ಬಾಯಿಂದ ರಮಿತಾಳನ್ನು ತಲುಪಿತು. ಅವನ ಮನೆಗೆ ಓಡಿಹೋಗಬೇಕು ಅನಿಸುತ್ತಿತ್ತು. ಹೋದರೆ ಅವನೇ ಎಂದು ತಾನೇ ತೋರಿಸಿಕೊಟ್ಟಂತೆ. ಇಂಥ ಪ್ರೀತಿಯನ್ನು ಏನು ಮಾಡುವುದು, ನೀವೇ ಹೇಳಿ.

ಮೂರು ವರ್ಷ ಅವಳು ಥಾಣೆಯ ಕೋರ್ಟಿಗೆ ಅಲೆದಳು. ಹೆಸರು ಹೇಳಿದರೆ ಬಿಡುತ್ತೇವೆ, ಇಲ್ಲದಿದ್ದರೆ ಜೈಲು ಗ್ಯಾರಂಟಿ ಎಂದು ವಿಚಾರಣೆಯ ಅಧಿಕಾರಿಗಳು ಒಮ್ಮೆ ನಯವಾಗಿ, ಒಮ್ಮೆ ಗದರಿಸಿ ಹೇಳಿದರು. ಹೋಟೆಲಿನ ಮೇಲೆ ದಿನಕ್ಕೊಂದು ತಪಾಸಣೆ ಬಂತು. ಕೇಸಿನ ಹುಡುಗಿ ಎಂದು ಬಂದ ಸಂಬಂಧಗಳೆಲ್ಲ ಹಿಂದೆ ಸರಿದವು. ದೇಜಪ್ಪ ಬೈದ, ಅತ್ತ, ಕೊನೆಗೆ ಸುಮ್ಮನಾದ. ಅವಳು ಬರೆಯುವುದನ್ನು ಮಾತ್ರ ಬಿಡಲಿಲ್ಲ. ಮಾಜಿ ಸೈನಿಕರ ಆಸ್ಪತ್ರೆಯ ಹುಳುಕು ಬರೆದಳು, ಮುಚ್ಚಿಹಾಕಿದ್ದ ಮದ್ದುಗುಂಡಿನ ಅಪಘಾತವೊಂದನ್ನು ಬಯಲಿಗೆಳೆದಳು. ಪ್ರತಿ ವರದಿ ಬಂದಾಗಲೂ ಅವಳ ಮನಸ್ಸು ಕೇಳುತ್ತಿದ್ದದ್ದು ಒಂದೇ... ಅವನು ಇದನ್ನು ಓದಿರಬಹುದೇ?

ಎರಡು ಸಾವಿರದ ಒಂಬತ್ತರ ಕೊನೆಗೆ ಸರ್ಕಾರ ನೇಮಿಸಿದ ಸಮಿತಿಯೇ ಬೂಟುಗಳು ಕಳಪೆ ಎಂದಿತು. ಕೇಸನ್ನು ವಾಪಸ್ ತೆಗೆದುಕೊಂಡರು. ವಕೀಲರಿಂದ ಬಂದ, ವಿಚಾರಣೆಯಲ್ಲಿ ಬರೆದುಕೊಂಡ ಹೇಳಿಕೆಗಳ ನಕಲಿನ ಕಟ್ಟನ್ನು ಮುರಾರಿ ಅವಳ ಮೇಜಿನ ಮೇಲಿಟ್ಟ. ಅದರೊಳಗೆ ವಿಠಲನ ಹೇಳಿಕೆಯೂ ಇತ್ತು.

ರಮಿತಾ ಓದತೊಡಗಿದಳು. “ರಮಿತಾ ನಿನ್ನ ಹೆಸರು ಈಗಾಗಲೇ ಹೇಳಿದ್ದಾಳೆ” ಎಂದು ಅಧಿಕಾರಿಗಳು ಅವನಿಗೆ ಹೇಳಿದ್ದರು. ಶುದ್ಧ ಸುಳ್ಳು! ಆಮೇಲೆ ಒಂದು ಕಾಗದ ಮುಂದಿಟ್ಟಿದ್ದರು. ಪ್ರೀತಿಯ ನಾಟಕವಾಡಿ ನನ್ನಿಂದ ದಾಖಲೆ ಕದಿಸಿದಳು ಎಂದು ಅದಕ್ಕೆ ಸಹಿ ಹಾಕಿದರೆ ನಾಳೆಯೇ ಕೆಲಸ ವಾಪಸ್. ಕೆಳಗೆ ಅಧಿಕಾರಿ ತನ್ನ ಕೈಯಲ್ಲಿ ಬರೆದಿದ್ದ: ಸಹಿ ಹಾಕಲು ನಿರಾಕರಿಸಿದ.

ಅವಳು ಆ ಸಾಲನ್ನು ಎಷ್ಟು ಹೊತ್ತು ನೋಡುತ್ತಿದ್ದಳೋ. ನಂತರ ತನ್ನ ಹೇಳಿಕೆಯ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಮುಂಬ್ರಾದ ಗಾಡಿ ಹಿಡಿದಳು. ಅವನು ಅಲ್ಲಿ ಕೆಲಸ ಮಾಡುತ್ತಾನೆಂದು ಅವಳಿಗೆ ಬಹಳ ದಿನದಿಂದ ಗೊತ್ತಿತ್ತು. ಹೋಗುವ ಹಕ್ಕು ಇವತ್ತು ಸಿಕ್ಕಿತ್ತು.

ರೈಲು ಹಳಿಗೆ ಅಂಟಿಕೊಂಡ ಗಲ್ಲಿಯಲ್ಲಿ ಚಪ್ಪಲಿಯ ಅಟ್ಟೆ ಮಾಡುವ ಸಣ್ಣ ಕಾರ್ಖಾನೆ. ಬಾಗಿಲಲ್ಲಿ ಕೂತು ಅಟ್ಟೆಗಳನ್ನು ಒಂದೊಂದಾಗಿ ಬಗ್ಗಿಸಿ ನೋಡುತ್ತಿದ್ದವನ ಕೂದಲಲ್ಲಿ ಅಲ್ಲಲ್ಲಿ ಬಿಳಿ ಇಣುಕಿತ್ತು. ಪಕ್ಕದಲ್ಲಿ ಊಟದ ಬುತ್ತಿ ತಂದ ಮರಗಮ್ಮ.

ವಿಠಲ ತಲೆಯೆತ್ತಿದ.

“ಕೋಣ್ ಆಪಣ್?” ಎಂದ.

ಆ ಎರಡು ಶಬ್ದ ಅವಳ ಎದೆಗೆ ನಾಟಿದವು. ತನ್ನ ಮಾತೇ ತನಗೆ ವಾಪಸ್ ಬಂದಿತ್ತು. ಅವಳು ಹಾಳೆಗಳನ್ನು ಅವನ ಮುಂದಿಟ್ಟು ಎಲ್ಲವನ್ನೂ ಹೇಳಿದಳು. ನೀಲಿ ಅಂಗಿಯವನು, ಮುರಾರಿಯ ಮಾತು, ತಾನು ಮೊದಲೇ ತಿಳಿಸದೆ ಹೋದ ತಪ್ಪು.

ಅವನು ಓದಿದ. ಪ್ರಶ್ನೆ ಒಂದು, ದಾಖಲೆ ಕೊಟ್ಟವರ ಹೆಸರೇನು? ಹೇಳುವುದಿಲ್ಲ. ಪ್ರಶ್ನೆ ಎರಡು... ಹೇಳುವುದಿಲ್ಲ. ಹೀಗೆ ಕೊನೆಯ ಹಾಳೆಯವರೆಗೆ.

“ನಲವತ್ತೊಂದು ಸಲ ಕೇಳ್ಯಾರ,” ಎಂದ.

“ಮನೆಯಲ್ಲೂ ಹೇಳಿಲ್ಲ. ಒಬ್ಬಳೇ ಇದ್ದಾಗಲೂ ಹೇಳಿಲ್ಲ.” ಅವಳು ಕಣ್ಣೊರೆಸಿಕೊಂಡಳು. “ನಾನು ಹೆಸರು ಕೊಟ್ಟೆ ಅಂತ ನೀವು ನಂಬಿದ್ದಿರಾ?”

“ನಂಬಿದ್ದೆ. ಪ್ಲಾಟ್‌ಫಾರ್ಮಿನ್ಯಾಗ ಹಂಗ ಅಂದ ಮ್ಯಾಲ ಎಲ್ಲಾ ನಂಬಿದ್ದೆ. ಪ್ರೀತಿ ನಾಟಕ ಅಂತನೂ...”

“ಮತ್ತೆ ಯಾಕೆ ಸಹಿ ಹಾಕಲಿಲ್ಲ?”

ವಿಠಲ ಕೈಯಲ್ಲಿದ್ದ ಅಟ್ಟೆಯನ್ನು ಕೆಳಗಿಟ್ಟ.

“ನಿಮಗ ನಾಟಕ ಇರಬಹುದು. ನನಗ ಖರೇನ ಇತ್ತಲ್ರಿ.”

ರಮಿತಾ ಬಾಗಿಲ ಮೆಟ್ಟಿಲ ಮೇಲೆ ಅವನ ಪಕ್ಕ ಕೂತಳು. ಮರಗಮ್ಮ ಇಬ್ಬರನ್ನೂ ನೋಡಿ, ಮೂರು ವರ್ಷದಿಂದ ಮಗ ಊಟ ಬಿಟ್ಟು ಏಳುತ್ತಿದ್ದದ್ದು ಈ ಹುಡುಗಿಗಾಗಿಯೋ ಎಂದು ಕೇಳಿ, ಬುತ್ತಿಯನ್ನು ಇಬ್ಬರ ನಡುವೆ ಇಟ್ಟಳು. ಒಳಗೆ ಶೇಂಗಾ ಹೋಳಿಗೆ ಇತ್ತು.

“ಈಗ ಕೇಸು ಮುಗೀತು,” ಎಂದ ವಿಠಲ. “ಇನ್ನರ ಹೆಸರು ಹಿಡದು ಕರೀರಿ.”

“ಹಂಗ ಬರಂಗಿಲ್ಲ,” ಮರಗಮ್ಮ ನಡುವೆ ಬಾಯಿ ಹಾಕಿದಳು. “ನಮ್ಮ ಮನಿ ಸೊಸಿ ಆಗೂದಿದ್ರ ಒಡಪು ಹಚ್ಚಿ ಹೇಳಬೇಕು.”

“ನನಗೆ ಒಡಪು ಬರುವುದಿಲ್ಲ ಅಮ್ಮಾ,” ಎಂದಳು ರಮಿತಾ ಅಳುತ್ತಲೇ ನಗುತ್ತಾ. “ಹೆಸರೊಂದೇ ಬರುವುದು.”

ಹೇಳಿದಳು. ಅದೇ ಹೊತ್ತಿಗೆ ಪಕ್ಕದ ಹಳಿಯ ಮೇಲೆ ಕಲ್ಯಾಣದ ಫಾಸ್ಟ್ ಲೋಕಲ್ ಗಡಗಡನೆ ಹಾದುಹೋಯಿತು. ಅವನಿಗೆ ಅವಳ ತುಟಿ ಅಲುಗಿದ್ದು ಮಾತ್ರ ಕಂಡಿತು.

“ಕೇಳಲಿಲ್ರಿ.”

ಗಾಡಿ ದಾಟಿತು. ಅವಳು ಗಲ್ಲಿಯ ಜನರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕರೆದಳು.

“ವಿಠಲ!”

“ಇನ್ನೊಮ್ಮೆ ಅನ್ರಿ,” ಎಂದ ಅವನು.